ಗೋಡೆಯ ಆಚೆ ಕಡೆಯ ವಾಲ್ವು

ಆ ಲಾಂಡ್ರಿಯ ಹಿಂಗೋಡೆಯಲ್ಲಿ, ಆಳೆತ್ತರಕ್ಕಿಂತ ಸ್ವಲ್ಪ ಮೇಲೆ, ಒಂದು ತೂತಿದೆ. ಅದರೊಳಗಿಂದ ಒಂದು ಕಬ್ಬಿಣದ ಪೈಪು ಬರುತ್ತಿತ್ತು. ಶಾಖ ತಡೆಯಲೆಂದು ಪೈಪಿಗೆ ಸುತ್ತಿದ ಪಟ್ಟಿ ಕಂದು ಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ಹರಿದು, ಹಳೆಯ ಗಾಯಕ್ಕೆ ಕಟ್ಟಿದ ಬಟ್ಟೆಯಂತೆ ಕಾಣುತ್ತಿತ್ತು. ಗೋಡೆಯ ಆಚೆಗೆ ಅಣ್ಣನ ದೊಡ್ಡ ಲಾಂಡ್ರಿ, ಈಚೆಗೆ ತಂಗಿಯ ಸಣ್ಣದು. ಆಚೆಯ ಬಾಯ್ಲರಿನ ಹಬೆ ಈಚೆಯ ಡ್ರೈಯರಿಗೂ ಇಸ್ತ್ರಿಯ ಉರುಳೆಗೂ ಬರುತ್ತಿತ್ತು. ಎಷ್ಟೋ ವರ್ಷ ಈ ಪೈಪಿನ ಬಗ್ಗೆ ಯಾರೂ ಮಾತಾಡಿರಲಿಲ್ಲ. ಆಮೇಲೆ ಸರ್ಕಾರಿ ಕಚೇರಿಯೊಂದರಲ್ಲಿ ತಿಂಗಳುಗಟ್ಟಲೆ ಅದರದೇ ಮಾತಾಯಿತು.

ತಂಗಿಗೆ ಈಗ ಐವತ್ತು ದಾಟಿದೆ. ಬೀದಿಯಲ್ಲಿ, ಸೋಪಿನ ಏಜೆಂಟರ ಬಾಯಲ್ಲಿ, ಆಸ್ಪತ್ರೆಯ ಉಗ್ರಾಣದಲ್ಲಿ ಅವರು ದೊಡ್ಡಕ್ಕ. ತಮಗಿಂತ ಹಿರಿಯರೂ ಹಾಗೇ ಕರೆಯುತ್ತಾರೆ. ಗೋಡೆಯ ಆಚೆ ಮಾತ್ರ ಪುಟ್ಟಿ. ಪೈಪಿನ ಸುತ್ತ ತೂತಿನಲ್ಲಿ ಮುಷ್ಟಿ ಹಿಡಿಯುವಷ್ಟು ಸಂದು ಉಳಿದಿತ್ತು; ಅಣ್ಣ ಅಲ್ಲಿಂದಲೇ ಕೂಗುತ್ತಿದ್ದರು. "ಪುಟ್ಟೀ, ಊಟ ಆಯ್ತಾ?" ಎಂಬ ಪ್ರಶ್ನೆ ಯಂತ್ರಗಳ ಸದ್ದನ್ನು ದಾಟಿ ಬಂದಾಗ ಇಸ್ತ್ರಿಯ ಹೆಂಗಸರು ಮುಖ ತಗ್ಗಿಸಿ ನಗುತ್ತಿದ್ದರು. ಅತ್ತಿಗೆ ಒಮ್ಮೆ ಅದೇ ಸಂದಿಯಿಂದ ಒಂದು ಸೌಟನ್ನು ತೂರಿಸಿ ಕೊಟ್ಟಿದ್ದರಂತೆ. ಸುತ್ತಿಕೊಂಡು ಬರಲು ಅವರಿಗೆ ಮಂಡಿನೋವು.

ದೊಡ್ಡಕ್ಕನ ಯಜಮಾನರು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವರು. ಮೊಳೆಯ ಕಾಲ ಮುಗಿದು ಅಚ್ಚುಕೂಟ ಮುಚ್ಚಿದಾಗ ಅವರು ಮನೆಯಲ್ಲಿ ಕುಳಿತರು; ಇವರು ಎದ್ದರು. ಅಣ್ಣನ ಲಾಂಡ್ರಿಯ ಹಿಂದಿನ ಖಾಲಿ ಶೆಡ್ಡಿನಲ್ಲಿ ಹೋಟೆಲುಗಳ ಕೈವಸ್ತ್ರಗಳಿಗೆ ಇಸ್ತ್ರಿ ಹಾಕುವುದರಿಂದ ಶುರುವಾದ ಕೆಲಸ ಅದು. ಮುಂದೆ ಲಾಂಡ್ರಿಗೂ ಶೆಡ್ಡಿಗೂ ನಡುವೆ ಗೋಡೆ ಎದ್ದಿತು, ಬೇರೆ ಬಾಗಿಲು ಬಂತು, ಬೇರೆ ಫಲಕ, ಬೇರೆ ಪರವಾನಗಿ, ಬೇರೆ ಕೆಲಸದವರು. ಹಬೆಯೊಂದು ಹಾಗೇ ಉಳಿಯಿತು. ಬಾಡಿಗೆ ಕೊಡುತ್ತೇನೆಂದು ದೊಡ್ಡಕ್ಕ ಮೊದಮೊದಲು ಹೇಳಿದ್ದುಂಟು. ತಂಗಿಯ ಹತ್ತಿರ ಹಬೆಗೆ ಬಾಡಿಗೆ ತಗೊಂಡವನು ಅಂತ ನಾಳೆ ನಾಲ್ಕು ಜನ ಆಡಿಕೊಳ್ಳಲಿ ಅಂತಲಾ ಎಂದು ಅಣ್ಣ ಕೇಳಿದ್ದರು. ಅಲ್ಲಿಗೆ ಆ ಮಾತು ನಿಂತಿತು.

ಆಸ್ಪತ್ರೆಯ ಬಟ್ಟೆ ಒಗೆಯುವುದು ಹೋಟೆಲಿನ ಬಟ್ಟೆ ಒಗೆದಂತಲ್ಲ. ಗಂಟು ಬಿಚ್ಚಿದ ಕೂಡಲೇ ಕಲೆ ನೋಡಿ ಬೇರ್ಪಡಿಸಬೇಕು. ರಕ್ತದ್ದು ಮೊದಲು ತಣ್ಣೀರಿಗೆ; ಬಿಸಿನೀರಿಗೆ ಹಾಕಿದರೆ ಕಲೆ ಹಿಡಿದುಕೊಳ್ಳುತ್ತದೆ. ಮಕ್ಕಳ ವಾರ್ಡಿನದು ಬೇರೆ, ಆಪರೇಷನ್ ಕೋಣೆಯ ಹಸಿರು ಬಟ್ಟೆ ಬೇರೆ. ಹೊದಿಕೆಯ ಮಡಿಕೆಯಲ್ಲಿ ಸೂಜಿ ಇರುತ್ತದೆ, ಒಮ್ಮೊಮ್ಮೆ ಯಾರದೋ ಹಲ್ಲಿನ ಸೆಟ್ಟು ಇರುತ್ತದೆ. ಈ ಕೆಲಸದ ಗುತ್ತಿಗೆಯನ್ನು ಸರ್ಕಾರ ಸಣ್ಣ ಉದ್ದಿಮೆಗಳಿಗೆಂದೇ ಮೀಸಲಿಟ್ಟಿತ್ತು. ದೊಡ್ಡಕ್ಕ ಎರಡು ಅವಧಿ ಅದನ್ನು ಮಾಡಿದ್ದರು. ಶೆಡ್ಡಿನ ಕೆಲಸದವರೆಲ್ಲ ಬದುಕುತ್ತಿದ್ದದ್ದು ಅದರ ಮೇಲೆಯೇ. ಹೋಟೆಲುಗಳು ಬರುತ್ತವೆ, ಹೋಗುತ್ತವೆ. ಆಸ್ಪತ್ರೆಗೆ ಬೀಗ ಬೀಳುವುದಿಲ್ಲ. ಮೂರನೆಯ ಸಲವೂ ಟೆಂಡರ್ ತೆರೆದಾಗ ಅವರದೇ ಕಡಿಮೆ ದರ. ಕೆಲಸದ ಆದೇಶ ಕೈಗೆ ಬರುವ ಮೊದಲು ಆಕ್ಷೇಪಣೆ ಬಂತು.

ಆಕ್ಷೇಪಣೆ ಸಲ್ಲಿಸಿದವನು ಟೆಂಡರಿನಲ್ಲಿ ಎರಡನೆಯವನಾಗಿ ಬಂದಿದ್ದ. ಹಿಂದೆ ಅಣ್ಣನ ಹತ್ತಿರ ಟೆಂಪೊ ಓಡಿಸಿಕೊಂಡಿದ್ದವನು. ಊರ ಇನ್ನೊಂದು ತುದಿಯಲ್ಲಿ ಸ್ವಂತ ಲಾಂಡ್ರಿ ಹಾಕಿದ ಮೇಲೂ ಟೆಂಪೊ ಎಂಬ ಹೆಸರು ಅವನನ್ನು ಬಿಡಲಿಲ್ಲ. ದೊಡ್ಡಕ್ಕನ ಲಾಂಡ್ರಿ ಸಣ್ಣದಲ್ಲ, ಅಣ್ಣನ ದೊಡ್ಡ ಉದ್ದಿಮೆಯ ಒಂದು ಕೈ ಅಷ್ಟೇ ಎಂದು ಅವನು ಬರೆದಿದ್ದ. ನಿಯಮವೂ ಹಾಗೇ ಇತ್ತು: ಒಂದು ದೊಡ್ಡ ಉದ್ದಿಮೆ ಮನಸ್ಸು ಮಾಡಿದರೆ ಇನ್ನೊಂದನ್ನು ನಡೆಸಬಹುದು ಅಥವಾ ನಿಲ್ಲಿಸಬಹುದು ಅನ್ನುವಂತಿದ್ದರೆ, ಕಾಗದದಲ್ಲಿ ಎರಡಾಗಿದ್ದರೂ ಅವೆರಡೂ ಒಂದೇ.

ಸ್ಥಳ ಪರಿಶೀಲನೆಗೆ ಒಬ್ಬ ಯುವ ಅಧಿಕಾರಿ ಬಂದ. ಸಭ್ಯ ಮನುಷ್ಯ, ಒದ್ದೆ ನೆಲದಲ್ಲಿ ಬೂಟು ಜಾರದಂತೆ ನಡೆಯುತ್ತ ಎಲ್ಲವನ್ನೂ ನೋಡಿದ. ಅಧಿಕಾರಿ ಬಂದಿದ್ದಾರೆಂದು ತಿಳಿದು ಅಣ್ಣನೂ ಬಂದು ಬಾಗಿಲ ಬಳಿ ಕೈಕಟ್ಟಿ ನಿಂತಿದ್ದರು. ಅಧಿಕಾರಿ ಉರುಳೆಯ ಪಕ್ಕದಲ್ಲಿ ನಿಂತು, ಇದೆಲ್ಲ ಯಾರದು ಎಂದು ಕೇಳಿದ.

ದೊಡ್ಡಕ್ಕ ಒಮ್ಮೆ ಅಣ್ಣನ ಕಡೆ ನೋಡಿದರು. "ಎಲ್ಲಾ ನಮ್ಮಣ್ಣಂದೇ ಅನ್ನಿ ಸಾರ್. ಅವನಿಲ್ಲದಿದ್ರೆ ನಾನೆಲ್ಲಿ?"

ಆ ಜಾಗದಲ್ಲಿ ಆ ಮಾತಿಗೆ ಬೇರೆ ಅರ್ಥವಿರಲಿಲ್ಲ. ಕೈಹಿಡಿದು ಮೇಲೆತ್ತಿದವರು ಎದುರಿಗೆ ನಿಂತಿರುವಾಗ ಇದು ನನ್ನದು ಎಂದು ಎದೆ ತಟ್ಟಿಕೊಳ್ಳುವವರು ಅಪರೂಪ. ಅಣ್ಣನೂ ಅಷ್ಟೇ ಸಲೀಸಾಗಿ, ಅಯ್ಯೋ ನಂದೇನಿದೆ, ಎಲ್ಲ ಅವಳ ದುಡಿಮೆ ಎಂದರು. ಅಧಿಕಾರಿ ತಂಗಿ ಹೇಳಿದ್ದನ್ನು ಬರೆದುಕೊಂಡ. ಅಣ್ಣ ಹೇಳಿದ್ದನ್ನು ಬರೆದುಕೊಳ್ಳಲಿಲ್ಲ, ಅವರು ಅರ್ಜಿದಾರರಲ್ಲ. ಹೋಗುವಾಗ ಗೋಡೆಯ ತೂತಿನ ಫೋಟೊ ತೆಗೆದುಕೊಂಡ.

ಆಮೇಲಿನದು ಬೆಂಚಿನ ಕಥೆ. ಕಚೇರಿ ಮೂರನೆಯ ಮಹಡಿಯಲ್ಲಿತ್ತು. ಲಿಫ್ಟು ಇತ್ತು, ಆದರೆ ಅದರಲ್ಲಿ ಕಡತದ ಕಟ್ಟುಗಳನ್ನು ಒಟ್ಟಿದ್ದರು. ಓಣಿಯಂಥ ಉದ್ದನೆಯ ಪಡಸಾಲೆ, ಗೋಡೆಗೆ ಒರಗಿದವರ ತಲೆಯೆಣ್ಣೆಯಿಂದ ಸಾಲಾಗಿ ಮೂಡಿದ ಕಪ್ಪು ಗುರುತುಗಳು, ಒಂದು ಕಾಲು ಗಿಡ್ಡವಿದ್ದ ಬೆಂಚು. ಕರೆದ ದಿನ ವಿಚಾರಣೆ ನಡೆಯುತ್ತಿರಲಿಲ್ಲ. ಮೇಲಧಿಕಾರಿಗೆ ಸಭೆ ಇರುತ್ತಿತ್ತು, ಇಲ್ಲವೇ ಕಡತ ಕೆಳಗಿನ ಮಹಡಿಯಲ್ಲಿರುತ್ತಿತ್ತು. ದೊಡ್ಡಕ್ಕ ಬೆಳಗಿನ ಗಂಟುಗಳನ್ನು ಬಿಚ್ಚಿಸಿ, ಸೀರೆ ಬದಲಿಸಿ ಬಸ್ಸು ಹತ್ತುತ್ತಿದ್ದರು. ಬ್ಲೀಚಿನ ವಾಸನೆ ಕೈಯಿಂದ ಹೋಗುತ್ತಿರಲಿಲ್ಲ. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಟೆಂಪೊ ಕುಳಿತಿರುತ್ತಿದ್ದ. ಒಬ್ಬರು ಎದ್ದರೆ ಇನ್ನೊಬ್ಬರ ಕಡೆಗೆ ಬೆಂಚು ವಾಲುತ್ತಿದ್ದರಿಂದ ಇಬ್ಬರೂ ಹೇಳಿ ಏಳುವುದು ರೂಢಿಯಾಯಿತು.

ಮೂರನೆಯ ಸಲ ಅವನು ನೀರಿನ ಬಾಟಲಿ ಚಾಚಿದ. ದೊಡ್ಡಕ್ಕ ತೆಗೆದುಕೊಂಡು ಎತ್ತಿ ಕುಡಿದರು.

"ನಾನು ಸುಳ್ಳು ಬರೆದಿಲ್ಲ ದೊಡ್ಡಕ್ಕ," ಅಂದ.

"ಬರೆದಿದ್ದೀಯ ಅಂತ ನಾನೂ ಹೇಳಿಲ್ಲ."

"ಆ ಪೈಪಿಗೆ ಪಟ್ಟಿ ಸುತ್ತಿದ್ದೇ ನಾನು. ನೆನಪಿದೆಯಾ? ಕೈ ಸುಟ್ಟುಕೊಂಡಿದ್ದೆ. ನೀವೇ ಮುಲಾಮು ಹಚ್ಚಿದ್ರಿ."

ಅದಕ್ಕೆ ಈ ಉಪಕಾರವೇನೋ ಎಂದರು ದೊಡ್ಡಕ್ಕ. ಅವನು ನಕ್ಕ, ಅವರೂ ನಕ್ಕರು. ಅವನು ಬರೆದದ್ದು ನಿಜವೂ ಆಗಿತ್ತು. ಅವನಿಗೆ ಹಬೆ ಕೊಡುವ ಅಣ್ಣನಿರಲಿಲ್ಲ; ತನ್ನ ಬಾಯ್ಲರಿಗೆ ತಾನೇ ಉರಿ ಹಾಕಿ ದರ ಕಟ್ಟಬೇಕಾದವನು ಪುಕ್ಕಟೆ ಹಬೆಯ ದರದೊಡನೆ ಹೇಗೆ ಸೆಣಸಬೇಕು? ಇದು ದೊಡ್ಡಕ್ಕನಿಗೂ ಗೊತ್ತಿತ್ತು. ಮನೆಯಲ್ಲಿ ಅವನನ್ನು ಬೈಯುವವರೆಲ್ಲ ಬೈದರು, ಅವರೊಬ್ಬರನ್ನು ಬಿಟ್ಟು.

ಟೆಂಡರಿನ ಕಾಗದಗಳನ್ನು ತುಂಬಿಕೊಡುತ್ತಿದ್ದವರು ಒಬ್ಬ ನಿವೃತ್ತ ಗುಮಾಸ್ತರು. ಅವರ ಸಲಹೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾತಿಯದು. ಅಣ್ಣತಂಗಿ ಸ್ವಲ್ಪ ಜಗಳವಾಡಿದರೆ ಒಳ್ಳೆಯದು ಎಂದರು ಮೊದಲು, ದಾಖಲೆಯ ಮಟ್ಟಿಗೆ. ದೊಡ್ಡಕ್ಕ ಒಪ್ಪಲಿಲ್ಲ. ಹಾಗಾದರೆ ಪೈಪು ಕತ್ತರಿಸಿ ಎಂದರು. ವಿಚಾರಣೆಯ ಹೊತ್ತಿಗೆ ಗೋಡೆ ಗೋಡೆಯಾಗಿರಬೇಕು, ಬಾಯ್ಲರು ನಿಮ್ಮದೇ ಇರಬೇಕು, ಆಗ ಯಾರು ಬಂದು ನೋಡಿದರೂ ನೀವು ಬೇರೆ, ಅವರು ಬೇರೆ. ಯಜಮಾನರು ಹೊದಿಕೆ ಮಡಿಸುತ್ತಲೇ ಕೇಳಿಸಿಕೊಂಡು, ಅಚ್ಚಾದ ಮೇಲೆ ತಿದ್ದುಪಡಿ ಎಂದರು. ಅದು ಅಚ್ಚುಕೂಟದ ಮಾತು. ಆಗ ಯಾರೂ ಅದರ ಮೇಲೆ ಯೋಚಿಸಲಿಲ್ಲ.

ಸಾಲ ಮಾಡಿ ಹಳೆಯದೊಂದು ಸಣ್ಣ ಬಾಯ್ಲರು ತಂದರು. ವೆಲ್ಡಿಂಗಿನವರು ಬಂದು ಗೋಡೆಗೆ ಸಮವಾಗಿ ಪೈಪನ್ನು ಕತ್ತರಿಸಿದರು. ಅದಕ್ಕೂ ಮೊದಲು ಅಣ್ಣ ಆಚೆ ಕಡೆಯ ವಾಲ್ವನ್ನು ತಾವೇ ಮುಚ್ಚಿದ್ದರು. ಅದರ ಚಕ್ರ ತಿರುಗುವಾಗ ಕಿರ್ರೆಂದದ್ದು ಈಚೆಗೂ ಕೇಳಿಸಿತು. ತೂತಿಗೆ ಹಳೆಯ ಹೊದಿಕೆಯ ತುಂಡನ್ನು ತುರುಕಿದರು. ಅಂದಿನಿಂದ ಆ ಕಡೆಯ ಕೂಗು ಬರುವುದು ನಿಂತಿತು. ಊಟ ಆಯಿತೇ ಎಂದು ಕೇಳಲು ಅಣ್ಣ ಫೋನು ಮಾಡುತ್ತಿದ್ದರು. ಫೋನಿನಲ್ಲಿ ಆ ಪ್ರಶ್ನೆ ಯಾಕೋ ದೊಡ್ಡದಾಗಿ ಕೇಳಿಸುತ್ತಿತ್ತು. ಏನೋ ಕೆಲಸವಿದ್ದು ಮಾಡಿದವರಂತೆ ಇಬ್ಬರೂ ಬೇಗ ಇಟ್ಟುಬಿಡುತ್ತಿದ್ದರು.

ಕೊಂಡು ತಂದ ಬಾಯ್ಲರು ಎಷ್ಟು ಉರಿ ತಿಂದರೂ ಸಾಲದ ಹೊಟ್ಟೆಬಾಕ. ಬಿಸಿಯಾಗಲು ತಡ, ತಣ್ಣಗಾಗಲು ಅವಸರ. ಉರುಳೆಯಿಂದ ಬಂದ ಹೊದಿಕೆಯ ಅಂಚು ಇನ್ನೂ ತೇವವಾಗಿರುತ್ತಿತ್ತು. ದೊಡ್ಡಕ್ಕ ಒಂದೊಂದರ ಅಂಚನ್ನೂ ಕೆನ್ನೆಗೆ ಒತ್ತಿ ನೋಡಿ, ಅರ್ಧದಷ್ಟನ್ನು ಮತ್ತೆ ಉರುಳೆಗೆ ಕಳಿಸುತ್ತಿದ್ದರು.

ಕೊನೆಗೊಮ್ಮೆ ವಿಚಾರಣೆ ನಡೆಯಿತು. ಮೇಲಧಿಕಾರಿ ನಡುವಯಸ್ಸಿನ ಹೆಂಗಸು, ಧ್ವನಿಯಲ್ಲಿ ಏರಿಳಿತವಿಲ್ಲ. ಕನ್ನಡಕ ಒರೆಸುತ್ತ ಕೇಳಿಸಿಕೊಳ್ಳುವ ಅಭ್ಯಾಸ. ಮೇಜಿನ ಒಂದು ಕಡೆ ದೊಡ್ಡಕ್ಕ ಮತ್ತು ಗುಮಾಸ್ತರು, ಇನ್ನೊಂದು ಕಡೆ ಟೆಂಪೊ. ಹಿಂದೆ ಕುರ್ಚಿಯಲ್ಲಿ ಅಣ್ಣ, ಸಾಕ್ಷಿಗೆಂದು.

ಗುಮಾಸ್ತರು ಕಲಿಸಿಕೊಟ್ಟದ್ದನ್ನು ದೊಡ್ಡಕ್ಕ ಹೇಳಿದರು. ಪರಿಶೀಲನೆಯ ದಿನ ಆಡಿದ್ದು ಅಣ್ಣನ ಮೇಲಿನ ಗೌರವಕ್ಕೆ ಆಡಿದ ಮಾತು. ದರ ಕಟ್ಟುವವರು ತಾವು, ಕೆಲಸದವರನ್ನು ಇಟ್ಟುಕೊಳ್ಳುವವರು ತಾವು, ನಷ್ಟವಾದರೆ ಹೊರುವವರೂ ತಾವೇ. ಆಮೇಲೆ ಕೊನೆಯ ಸಾಲು ಹೇಳಿದರು. "ನಮ್ಮಣ್ಣನಿಗೂ ನನ್ನ ಕೆಲಸಕ್ಕೂ ಸಂಬಂಧ ಇಲ್ಲ."

ಹಿಂದಿನ ಕುರ್ಚಿ ಸದ್ದು ಮಾಡಿತು. ಅವರು ತಿರುಗಿ ನೋಡಲಿಲ್ಲ.

ಮೇಲಧಿಕಾರಿ ಫೋಟೊವನ್ನು ಮುಂದಿಟ್ಟುಕೊಂಡು, ಈ ಪೈಪಿನ ವಾಲ್ವು ಯಾವ ಕಡೆಗಿದೆ ಎಂದು ಕೇಳಿದರು. ಆಚೆ ಕಡೆ ಎಂದರು ದೊಡ್ಡಕ್ಕ. ಆದರೆ ಈಗ ಪೈಪೇ ಇಲ್ಲ, ಕತ್ತರಿಸಿದ್ದೇವೆ, ಸ್ವಂತ ಬಾಯ್ಲರಿದೆ.

"ಟೆಂಡರ್ ಹಾಕಿದ ದಿನ ಇತ್ತಾ?"

"ಇತ್ತು ಮೇಡಮ್."

"ನಮಗೆ ಆ ದಿನದ್ದೇ ಲೆಕ್ಕ. ಆಮೇಲೆ ನೀವು ಏನು ಮಾಡಿದ್ರಿ ಅನ್ನೋದನ್ನ ನಾವು ನೋಡೋ ಹಾಗಿಲ್ಲ."

ಗುಮಾಸ್ತರು ತಮ್ಮ ಕಾಗದಗಳಲ್ಲಿ ಏನನ್ನೋ ಹುಡುಕತೊಡಗಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಗಿತ್ತು. ಈ ಟೆಂಡರಿನಲ್ಲಿ ಆರಂಭದಿಂದಲೂ ನಿಯಮ ಅದೇ ಇತ್ತು. ಅವರು ನಿವೃತ್ತರಾಗುವ ಮೊದಲಿನ ನಿಯಮ ಬೇರೆ ಇತ್ತಂತೆ.

ಮೇಲಧಿಕಾರಿ ಅಣ್ಣನ ಕಡೆ ತಿರುಗಿದರು. ಆ ವಾಲ್ವನ್ನು ಮೊದಲು ಎಂದಾದರೂ ಮುಚ್ಚಿದ್ದುಂಟೇ?

"ಒಂದೇ ಸಲ. ನಮ್ಮಪ್ಪ ತೀರಿಕೊಂಡ ದಿನ. ಎರಡೂ ಕಡೆ ಕೆಲಸ ನಿಲ್ಲಿಸಿದೆ."

"ಇವರನ್ನ ಕೇಳಿ ಮುಚ್ಚಿದ್ರಾ?"

ಅಣ್ಣನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಕೇಳೋದೇನು ಮೇಡಮ್? ಅವಳಿಗೂ ಅಪ್ಪನೇ ಅಲ್ವಾ?"

ಟೆಂಪೊ ತಲೆ ತಗ್ಗಿಸಿ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದ. ಮೇಲಧಿಕಾರಿ ಕನ್ನಡಕ ಹಾಕಿಕೊಂಡು ಬರೆದರು. ಬರೆಯುವುದಕ್ಕೆ ಮೊದಲು ಒಂದು ಗಳಿಗೆ ಪೆನ್ನು ಹಿಡಿದು ಸುಮ್ಮನಿದ್ದರು ಎಂದು ದೊಡ್ಡಕ್ಕ ಈಗಲೂ ಹೇಳುತ್ತಾರೆ; ಅವರ ಮೇಲೆ ದೂರಿಲ್ಲ. ತಂಗಿಯ ಕೆಲಸವನ್ನು ಕೇಳದೆ ನಿಲ್ಲಿಸುವ ಶಕ್ತಿ ಅಣ್ಣನಿಗಿತ್ತು, ಅದನ್ನು ಒಮ್ಮೆ ಬಳಸಿದ್ದೂ ಆಗಿತ್ತು. ಆಜ್ಞೆಯಲ್ಲಿ ಅಪ್ಪನ ಸಾವಿನ ಪ್ರಸ್ತಾಪವಿಲ್ಲ. ವಾಲ್ವಿನದು ಇದೆ. ಎರಡು ಉದ್ದಿಮೆಗಳೂ ಒಂದೇ ಎಂದು ಪರಿಗಣಿಸಲಾಗಿದೆ, ಆದ್ದರಿಂದ ಅರ್ಜಿದಾರರು ಅನರ್ಹರು.

ಮೆಟ್ಟಿಲು ಇಳಿಯುವಾಗ ಅಣ್ಣ ಮುಂದೆ, ತಂಗಿ ಹಿಂದೆ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ಅಣ್ಣ ನಿಂತೇ ಬಂದರು. ಬೀದಿಯ ತಿರುವಿನಲ್ಲಿ ಇಳಿದ ಮೇಲೆ ಒಂದೇ ಮಾತು ಆಡಿದರು. "ಸಂಬಂಧ ಇಲ್ಲ ಅಂದ್ಯಲ್ಲ, ಅದನ್ನ ಅವರು ನಂಬಲಿಲ್ಲ ನೋಡು." ಅದು ವ್ಯಂಗ್ಯವೋ ಸಮಾಧಾನವೋ ತಿಳಿಯದೆ ದೊಡ್ಡಕ್ಕ ಮನೆಗೆ ಹೋಗಿ, ಸೀರೆ ಬದಲಿಸಿ, ಶೆಡ್ಡಿಗೆ ಬಂದರು. ಆವತ್ತಿನ ಗಂಟುಗಳು ಇನ್ನೂ ಬಿಚ್ಚದೆ ಬಿದ್ದಿದ್ದವು. ಅವು ಹಳೆಯ ಗುತ್ತಿಗೆಯ ಕೊನೆಯ ಗಂಟುಗಳು.

ಗುತ್ತಿಗೆ ಟೆಂಪೊಗೆ ಹೋಯಿತು. ದೊಡ್ಡಕ್ಕನ ಶೆಡ್ಡಿನಿಂದ ಮೊದಲು ಇಬ್ಬರು ಹೆಂಗಸರು ಬಿಟ್ಟರು, ಮತ್ತೆ ಒಬ್ಬಳು. ಯಾರನ್ನೂ ಹೋಗು ಎನ್ನಲಿಲ್ಲ. ಕೆಲಸವಿಲ್ಲದ ಶೆಡ್ಡಿನಲ್ಲಿ ಕುಳಿತಿರಲು ಅವರಿಗೇ ಸಂಕೋಚವಾಯಿತು. ಉಳಿದವರು ಉರುಳೆಯನ್ನು ಒರೆಸಿದ್ದೇ ಒರೆಸಿದರು. ಬಾಯ್ಲರಿನ ಕಂತು ಮಾತ್ರ ತಪ್ಪದೆ ಬಂದು ಬಾಗಿಲು ತಟ್ಟುತ್ತಿತ್ತು.

ಹಾಗಿರುವಾಗ ಒಂದು ಬೆಳಿಗ್ಗೆ ಬಾಗಿಲಲ್ಲಿ ಟೆಂಪೊನ ಟೆಂಪೊ ನಿಂತಿತು. ತುಂಬ ಗಂಟುಗಳು. ಅವನು ಇಳಿದು ಹೊಸ್ತಿಲ ಹೊರಗೇ ನಿಂತ. ತನ್ನ ಯಂತ್ರಗಳು ಇಷ್ಟು ಬಟ್ಟೆಗೆ ತಾಳವು, ಆಸ್ಪತ್ರೆಯವರು ದಂಡ ಹಾಕುತ್ತಾರೆ, ಅರ್ಧದಷ್ಟನ್ನು ಬೇರೆಯವರಿಂದ ಮಾಡಿಸಲು ನಿಯಮದಲ್ಲಿ ಅವಕಾಶವಿದೆ ಎಂದು ನೆಲ ನೋಡುತ್ತ ಹೇಳಿದ. ಹೇಳಿದ ದರ ದೊಡ್ಡಕ್ಕನ ಹಳೆಯ ದರಕ್ಕಿಂತ ಕಡಿಮೆ. ನಿಯಮವನ್ನು ಇಷ್ಟು ಚೆನ್ನಾಗಿ ಓದಿಕೊಂಡಿದ್ದೀಯಲ್ಲ, ನಮ್ಮ ಗುಮಾಸ್ತರಿಗೂ ಒಂದು ಪಾಠ ಹೇಳು ಎಂದರು ದೊಡ್ಡಕ್ಕ. ಆಮೇಲೆ ಗಂಟುಗಳನ್ನು ಇಳಿಸಿಕೊಂಡರು. ಮಕ್ಕಳ ವಾರ್ಡಿನ ಒಂದು ಹೊದಿಕೆಯ ಮೂಲೆಯಲ್ಲಿ ಅವರೇ ಹಿಂದೆ ಹಾಕಿದ ತೇಪೆ ಇತ್ತು.

ಸುದ್ದಿ ಗೋಡೆ ದಾಟಲು ತಡವಾಗಲಿಲ್ಲ. ಮರುವಾರ, ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ, ತೂತಿಗೆ ತುರುಕಿದ್ದ ಬಟ್ಟೆ ಆಚೆಯಿಂದ ಎಳೆದಂತಾಗಿ ಮಾಯವಾಯಿತು. ಸ್ವಲ್ಪ ಹೊತ್ತಿಗೆ ಅಣ್ಣ ಸುತ್ತಿಕೊಂಡು ಬಾಗಿಲಿನಿಂದಲೇ ಬಂದರು. ಹಿಂದೆ ವೆಲ್ಡಿಂಗಿನವರು, ಅವರ ಹೆಗಲ ಮೇಲೆ ಅದೇ ಪೈಪಿನ ತುಂಡು.

"ಟೆಂಪೊಗೆ ಒಗೆದುಕೊಡ್ತಿದ್ದೀಯಂತೆ?"

"ಹೂಂ."

"ನಾಚಿಕೆ ಆಗಲ್ವಾ ಪುಟ್ಟಿ?"

"ಬಟ್ಟೆ ಆಸ್ಪತ್ರೆದು ಅಣ್ಣ. ಟೆಂಪೊಂದಲ್ಲ."

ಅಣ್ಣ ಉರುಳೆಯ ಬಳಿ ಹೋಗಿ ಒಂದು ಹೊದಿಕೆಯ ಅಂಚನ್ನು ಕೆನ್ನೆಗೆ ಒತ್ತಿದರು. ತೇವವಿತ್ತು. ಇಂಥದ್ದನ್ನು ಕಳಿಸಿದರೆ ಮಕ್ಕಳಿಗೆ ನೆಗಡಿ ಹಿಡಿಯುತ್ತದೆ ಎಂದರು. ಆಮೇಲೆ, ಗೋಡೆಯ ಕಡೆ ನೋಡುತ್ತ, ಗುಮಾಸ್ತರನ್ನು ತಾವೇ ಹೋಗಿ ಕಂಡದ್ದನ್ನು ಹೇಳಿದರು. ಹಬೆ ಕೊಡಬಾರದು ಎಂದು ನಿಯಮದಲ್ಲಿ ಎಲ್ಲೂ ಇಲ್ಲವಂತೆ. ಊರಲ್ಲಿ ಬೇರೆ ಯಾರಿಗಾದರೂ ಮಾರುವ ಬೆಲೆಗೆ ತಂಗಿಗೂ ಮಾರಿದರೆ, ವಾಲ್ವು ತಂಗಿಯ ಕೈಯಲ್ಲಿದ್ದರೆ, ಮುಂದಿನ ಟೆಂಡರಿನ ಹೊತ್ತಿಗೆ ಒಪ್ಪಬಹುದಂತೆ. ಒಪ್ಪಲೇಬೇಕು ಅಂತೇನಿಲ್ಲ. ಗುಮಾಸ್ತರ ಮಾತು ಯಾವತ್ತಿದ್ದರೂ ಅಡ್ಡಗೋಡೆಯ ಮೇಲಿಟ್ಟ ದೀಪ.

ದೊಡ್ಡಕ್ಕ ಆ ಹೊದಿಕೆಯನ್ನು ಮತ್ತೆ ಉರುಳೆಗೆ ಕೊಟ್ಟರು. ಹಬೆಯ ಬೆಲೆ ಕೊಟ್ಟರೆ ಹಳೆಯ ದರಕ್ಕೆ ಟೆಂಡರ್ ಹಾಕಲಾಗದು. ಟೆಂಪೊ ಮತ್ತು ತಾವು ಸಮಸಮ ನಿಲ್ಲಬೇಕಾಗುತ್ತದೆ. ಅದು ಅವರಿಗೆ ತಕ್ಷಣವೇ ಹೊಳೆಯಿತು. ಅಣ್ಣನಿಗೂ ಹೊಳೆದಿರಬೇಕು, ಲೆಕ್ಕದಲ್ಲಿ ಅವರೇನೂ ಹಿಂದಿಲ್ಲ.

"ನಾಲ್ಕು ಜನ ಆಡಿಕೊಳ್ತಾರೆ," ಎಂದರು ದೊಡ್ಡಕ್ಕ.

"ಆಡಿಕೊಳ್ಳಲಿ. ಆ ಮೇಡಮ್ ಮುಂದೆ ಆಡಿಕೊಂಡ್ರೆ ಇನ್ನೂ ಒಳ್ಳೇದು."

ಕೆಲಸ ಸಂಜೆಯವರೆಗೆ ನಡೆಯಿತು. ಆಚೆಯ ವಾಲ್ವನ್ನು ಬಿಚ್ಚಿ ತಂದು ಗೋಡೆಯ ಈಚೆಗೆ, ದೊಡ್ಡಕ್ಕನ ಕೈಗೆ ಎಟಕುವ ಎತ್ತರದಲ್ಲಿ ಕೂರಿಸಿದರು. ಪೈಪನ್ನು ಒಂದು ಗೇಣು ಕೆಳಗೆ ಬಾಗಿಸಬೇಕಾಯಿತು. ಬೆಸುಗೆ ತಣ್ಣಗಾದ ಮೇಲೆ ಅಣ್ಣ ಆಚೆ ಹೋಗಿ ಬಾಯ್ಲರಿನ ಒತ್ತಡ ನೋಡಿ ಬಂದರು. ಅಭ್ಯಾಸಬಲದಿಂದ ಅವರ ಕೈ ಚಕ್ರದ ಕಡೆ ಹೋಗಿ, ಅರ್ಧದಲ್ಲಿ ನಿಂತು, ಜೇಬು ಸೇರಿತು. ದೊಡ್ಡಕ್ಕ ಸೆರಗನ್ನು ಅಂಗೈಗೆ ಸುತ್ತಿಕೊಂಡು ಚಕ್ರ ತಿರುಗಿಸಿದರು. ಪೈಪು ಮೊದಲು ಕೆಮ್ಮಿತು, ಕೆಂಪು ನೀರು ಉಗುಳಿತು, ಆಮೇಲೆ ಉರುಳೆ ಬಿಸಿಯಾಯಿತು. ಹೆಂಗಸರು ಒದ್ದೆ ಅಂಚಿನ ಹೊದಿಕೆಗಳನ್ನು ಮತ್ತೆ ಎತ್ತಿಕೊಂಡರು.

ವೆಲ್ಡಿಂಗಿನವರು ಕೈ ಒರೆಸಿಕೊಂಡು ಬಿಲ್ಲಿನ ಪುಸ್ತಕ ತೆಗೆದರು. ಇಷ್ಟು ವರ್ಷ ಆ ಗೋಡೆಯ ಎರಡೂ ಕಡೆಯ ಬಿಲ್ಲು ಆಚೆಗೇ ಹೋಗುತ್ತಿತ್ತು. ಆದರೂ ಅವರು ಕೇಳಿದರು, ಯಾರ ಹೆಸರಿಗೆ ಬರೆಯಲಿ ಎಂದು.

ಅಣ್ಣ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದರು. ದೊಡ್ಡಕ್ಕ ಅವರ ಕಡೆ ನೋಡಲಿಲ್ಲ.

"ನನ್ನ ಹೆಸರಿಗೆ," ಎಂದರು.

ವೆಲ್ಡಿಂಗಿನವರು ಬರೆಯತೊಡಗಿದರು. ಅಣ್ಣ ಒಂದು ಹೆಜ್ಜೆ ಮುಂದೆ ಬಂದು ಅವರ ಹೆಗಲ ಮೇಲಿಂದ ಬಗ್ಗಿ ನೋಡಿದರು.

"ವೆಲ್ಡಿಂಗ್ ಕಡ್ಡಿ ನಮ್ಮ ಕಡೆದು," ಎಂದರು. "ಅದನ್ನ ಬೇರೆ ಬರೀರಿ. ವಸೂಲಿಗೆ ನಾನೇ ಬರ್ತೀನಿ."